ಗೇಟಿನ ಎದುರಿನ ಒಲೆ

ಬಡಗಣ ನಾಡಿನ ಜೂನ್ ಬೇಸಿಗೆ, ಸೂರ್ಯ ನಸುಕಿಗೇ ಹುಟ್ಟಿ ಆಗಲೇ ಬಹಳ ಹೊತ್ತಾಗಿದೆ. ಲಿಲ್ಲೆಹೋಲ್ಮ್ ಊರು ಮಾತ್ರ ಇನ್ನೂ ಮುಸುಕು ಹೊದ್ದು ಮಲಗಿದೆ. ಇಂಗೆಲೀಸೆ ಎಂಬ ಹೆಂಗಸು, ರೈತ ಪ್ರೆಬೆನ್ ಅವರ ಕೊಟ್ಟಿಗೆಯ ಬಾಗಿಲು ತೆಗೆದು, ಒಳಗೆ ನಿಂತು ಕಿಟಕಿಯಿಂದ ಮಾರುವಂಥ ಸಾಸೇಜ್ ಗಾಡಿಯನ್ನು ತಮ್ಮ ಹಳೆಯ ಕಾರಿನ ಹಿಂಬದಿಗೆ ಸಿಕ್ಕಿಸುತ್ತಿದ್ದಾರೆ. ವಯಸ್ಸು ಅರವತ್ತೊಂಬತ್ತು, ಎಡಗಾಲಿನ ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಕೊಕ್ಕೆಯೂ ಕೇಳುವುದಿಲ್ಲ. ಅದಕ್ಕೊಂದು ಒದೆ ಕೊಡುತ್ತಾರೆ, ಕೂರುತ್ತದೆ. ಕಾರಿನ ಮುಂದಿನ ಸೀಟಿನಲ್ಲಿ ದಿನದಂತೆ ಅವರ ಬುತ್ತಿಡಬ್ಬಿ ಇದೆ. ಅದರಲ್ಲಿ ಎರಡು ಹೋಳು ಕಪ್ಪು ರೈ ಬ್ರೆಡ್ಡು, ಮೇಲೆ ಸವರಿದ ಲಿವರ್ ಪೇಸ್ಟು, ಜೊತೆಗೊಂದಿಷ್ಟು ಹುಳಿ ಸೌತೆ.

ಹೊಲದ ದಾರಿ ದಾಟಿದರೆ ಎದುರಿಗೇ ನಿರ್ಗಮನ ಕೇಂದ್ರದ ಬೇಲಿ. ಗೇಟಿನ ಮುಂದೆ, ರಸ್ತೆಯ ಈಚೆ ಬದಿಯ ಹುಲ್ಲಿನ ಪಟ್ಟಿಯಲ್ಲಿ ಗಾಡಿ ನಿಲ್ಲಬೇಕು. ಅಲ್ಲಿ ಇವತ್ತು ಕೇಂದ್ರದೊಳಗಿನ ಗೆಲಾವೇಜ್ ಎಂಬ ಹೆಂಗಸು ಮೊದಲೇ ಬಂದು ನಿಂತಿದ್ದಾರೆ. ಹೂವಿನ ಅಂಗಿ, ಮೊಣಕೈವರೆಗೆ ಮಡಚಿದ ತೋಳು, ಮುಂದೆ ಚಾಚಿದ ಅಂಗೈ.

"ಬೀಗದಕೈ ಕೊಡು ಅಕ್ಕ."

"ಗ್ಯಾಸ್ ಹಚ್ಚಿ ಕೊಡ್ತೀನಿ ಇರು. ಆ ಎಡಗಡೆ ಬರ್ನರು ಸ್ವಲ್ಪ ಮೊಂಡು."

"ಅದರ ಮೊಂಡು ನಂಗೊತ್ತು. ನಾಲ್ಕು ವರ್ಷದಿಂದ ಅದರ ಜೊತೆ ಜಗಳ ಆಡ್ತಿರೋಳು ನಾನು. ನೀನು ಮನೆಗೆ ಹೋಗು."

"ಹಿಟ್ಟಿನ ಚೀಲನಾದ್ರೂ ಇಳಿಸ್ತೀನಿ ಕಣೇ."

"ಇವತ್ತು ನೀನು ನೆಂಟರ ಲೆಕ್ಕ. ನೆಂಟರು ಹಿಟ್ಟಿನ ಚೀಲ ಇಳಿಸಲ್ಲ. ಸಂಜೆ ಲಾರಿ ಹಾರ್ನ್ ಕೇಳಿದ ಮೇಲೆ ಬಾ." ಗೆಲಾವೇಜ್ ಕಾರಿನ ಕಿಟಕಿಯೊಳಗೆ ಬಗ್ಗಿ ನೋಡುತ್ತಾರೆ. "ಆ ಡಬ್ಬಿ ಏನಾದ್ರೂ ತಂದ್ಯೋ, ನಾನು ನಿನ್ನ ಮಾತಾಡಿಸಲ್ಲ."

ಇಂಗೆಲೀಸೆ ಬೀಗದಕೈ ಕೊಟ್ಟು, ಗಾಡಿಯನ್ನು ಬಿಚ್ಚಿ, ಬರಿಗೈಯಲ್ಲಿ ವಾಪಸು ಹೊರಡುತ್ತಾರೆ. ನಾಲ್ಕು ವರ್ಷದಲ್ಲಿ ಈ ಹೆಂಗಸಿಗೆ ಬೆಳಗಿನ ಹೊತ್ತು ಕೆಲಸವಿಲ್ಲದೆ ಹೋದದ್ದು ಇದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಸ್ಟೀರಿಂಗ್ ಅನ್ನೇ ಒರೆಸುತ್ತ ಕೂರುತ್ತಾರೆ.

ಬೇಲಿಯೊಳಗಿರುವವರು ಆಶ್ರಯ ಕೇಳಿ ಇಲ್ಲವೆನ್ನಿಸಿಕೊಂಡವರು. ಇಲ್ಲಿ ಇರಲು ಒಪ್ಪಿಗೆಯಿಲ್ಲ, ತಿರುಗಿ ಕಳಿಸಲು ದಾರಿಯಿಲ್ಲ. ಹಗಲು ಗೇಟು ದಾಟಿ ಓಡಾಡಬಹುದು, ರಾತ್ರಿ ಒಳಗೆ ಮಲಗಬೇಕು. ಊಟ ಕ್ಯಾಂಟೀನಿನಲ್ಲಿ, ಗಂಟೆ ಹೊಡೆದಂತೆ ಮೂರು ಹೊತ್ತು. ಅಡುಗೆ ಮಾಡಿಕೊಳ್ಳುವಂತಿಲ್ಲ. ಹಾಗೆ ಏಳೆಂಟು ವರ್ಷ ಕಳೆದವರು ಒಳಗಿದ್ದಾರೆ. ಯಾರೂ ಅವರನ್ನು ಉಪವಾಸ ಕೆಡವಿಲ್ಲ, ನಿಜ. ಆದರೆ ಮುಂದೆ ಇಟ್ಟದ್ದನ್ನು ತಿನ್ನುವುದಕ್ಕೂ ತನಗೆ ಬೇಕಾದ್ದನ್ನು ಬೇಯಿಸಿಕೊಳ್ಳುವುದಕ್ಕೂ ಎಷ್ಟು ದೂರವೆಂದು ಆ ನಿಯಮ ಬರೆದವರಿಗೆ ಯಾರೂ ಹೇಳಿಕೊಟ್ಟಂತಿಲ್ಲ.

ಎರಿಟ್ರಿಯಾದ ಮುದುಕ ತೆಸ್ಫಾಲೆಮ್ ದಿನಾ ಬೆಳಿಗ್ಗೆ ಗಾಡಿಗೆ ಬರುವ ಮೊದಲಿಗ. ಸೇತುವೆ ಕಟ್ಟುತ್ತಿದ್ದ ಎಂಜಿನಿಯರು. ಅವರು ಬರುವುದು ಒಂದೇ ಒಂದು ಮೊಟ್ಟೆ ಬೇಯಿಸಿಕೊಳ್ಳಲು. ಕ್ಯಾಂಟೀನಿನ ಮೊಟ್ಟೆ ಕಲ್ಲಿನಂತೆ ಬೆಂದಿರುತ್ತದೆ, ಇವರಿಗೆ ಒಳಗಿನ ಹಳದಿ ಹರಿಯಬೇಕು. ನೀರು ಕುದಿಯುವವರೆಗೆ ಪಾತ್ರೆಯ ಮುಂದೆ ಕೈಕಟ್ಟಿ ನಿಂತು, ಯಾರಾದರೂ ಮಾತಾಡಿಸಿದರೆ ಬೆರಳೆತ್ತಿ ಸುಮ್ಮನಿರಲು ಸನ್ನೆ ಮಾಡುತ್ತಾರೆ.

"ಮಾನವ ಹಕ್ಕು ಅಂದ್ರೆ ದೊಡ್ಡ ದೊಡ್ಡೋರ ಮಾತು ಅಂತ ಅಂದ್ಕೊಂಡಿದ್ದೆ," ಎನ್ನುತ್ತಾರೆ ಇಂಗೆಲೀಸೆ. "ಮೊಟ್ಟೆ ಎಷ್ಟು ಬೇಯ್ಬೇಕು ಅಂತ ಹೇಳೋದೂ ಅದರಲ್ಲಿ ಸೇರತ್ತೆ ಅಂತ ಆ ತಾತನ್ನ ನೋಡಿದ ಮೇಲೆ ಗೊತ್ತಾಯ್ತು."

ಇಂಗೆಲೀಸೆ ಭಾಷಣ ಮಾಡುವವರಲ್ಲ. ಊರಿನ ರೈಲು ನಿಲ್ದಾಣದ ಮುಂದೆ ಗಂಡ ವೆರ್ನರ್ ಜೊತೆ ಮೂವತ್ತು ವರ್ಷ ಕೆಂಪು ಸಾಸೇಜ್ ಮಾರಿದವರು. ರೈಲು ಬರುವುದು ನಿಂತಿತು, ಆಮೇಲೆ ವೆರ್ನರ್ ತೀರಿಹೋದರು, ಗಾಡಿ ಟಾರ್ಪಾಲಿನಡಿ ಸೇರಿತು. ಒಂದು ಚಳಿಗಾಲ ಹಳೆಯ ಕೋಟುಗಳ ಗಂಟು ಹೊತ್ತುಕೊಂಡು ಕೇಂದ್ರದ ಗೇಟಿಗೆ ಹೋದಾಗ ಗೆಲಾವೇಜ್ ಸಿಕ್ಕಿದರು. ಇರಾನಿನ ಕುರ್ದ್ ಹೆಂಗಸು, ಜೊತೆಗೊಬ್ಬಳು ಮಗಳು. ಕೋಟು ತೆಗೆದುಕೊಂಡು ಧನ್ಯವಾದ ಹೇಳಿದವರು, "ನಿಮ್ಮನೇಲಿ ಇವತ್ತು ಏನಡುಗೆ?" ಎಂದು ಕೇಳಿದರು. ಆಲೂಗಡ್ಡೆ ಮತ್ತು ಗ್ರೇವಿ ಎಂದರು ಇಂಗೆಲೀಸೆ. ಗ್ರೇವಿ ಹೇಗೆ ಮಾಡುತ್ತೀರಿ ಎಂದು ಮುಂದಿನ ಪ್ರಶ್ನೆ. ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ಇಂಗೆಲೀಸೆ ಬೆಣ್ಣೆ ಕರಗಿಸುವುದರಿಂದ ಶುರುಮಾಡಿ ಪೂರ್ತಿ ಹೇಳಿದರು. ಗೆಲಾವೇಜ್ ಕಣ್ಣುಮುಚ್ಚಿ ಕೇಳುತ್ತಿದ್ದವರು ನಡುವೆ ಒಂದೇ ಮಾತು ಕೇಳಿದರು: "ಉಪ್ಪು ಯಾವಾಗ ಹಾಕ್ತೀರಿ?"

ಅವತ್ತು ಸಂಜೆಯೇ ಇಂಗೆಲೀಸೆ ಗಾಡಿಯ ಮೇಲಿನ ಟಾರ್ಪಾಲು ಎಳೆದು ತೆಗೆದರು.

ಗಾಡಿಯಲ್ಲಿ ಮೂವತ್ತು ವರ್ಷ ಹಂದಿಮಾಂಸ ಬೆಂದಿತ್ತು. ಒಂದು ವಾರ ಸೋಡಾ ಹಾಕಿ ಉಜ್ಜಿ ತಂದು ನಿಲ್ಲಿಸಿದರೆ, ಗೆಲಾವೇಜ್ ಮೂಲೆಮೂಲೆ ಮೂಸಿ ನೋಡಿ, "ಇನ್ನೂ ಇದೆ," ಎಂದು ವಾಪಸು ಕಳಿಸಿದರು. ಎರಡನೆಯ ಸಲವೂ ಕಳಿಸಿದರು. ಮೂರನೆಯ ಸಲ ತಾವೇ ಬಂದು ಉಜ್ಜಿದರು. ಗಾಡಿಯ ಮೈಮೇಲೆ ಬರೆದಿದ್ದ ದೊಡ್ಡ ಸಾಸೇಜಿನ ಚಿತ್ರಕ್ಕೆ ಹಸಿರು ಬಣ್ಣ ಬಳಿದದ್ದಾಯಿತು. ಎಷ್ಟು ಬಳಿದರೂ ಒಂದು ತುದಿ ಇವತ್ತಿಗೂ ಇಣುಕುತ್ತದೆ, ಅದಕ್ಕೆ ಮಕ್ಕಳು ಕಣ್ಣು ಮೂಗು ಬರೆದು ಹುಳ ಮಾಡಿದ್ದಾರೆ.

ನಿಲ್ಲಿಸಲು ಜಾಗ ಕೊಟ್ಟವರು ಪ್ರೆಬೆನ್. ಅವರಿಗೆ ಹೊರಗಿನಿಂದ ಬಂದವರನ್ನು ಕಂಡರೆ ಅಷ್ಟಕ್ಕಷ್ಟೆ, ತನ್ನ ಹೊಲದಲ್ಲಿ ಏನು ಮಾಡಬೇಕೆಂದು ಹೇಳಲು ಬರುವವರನ್ನು ಕಂಡರೆ ಮೈಯೆಲ್ಲ ಉರಿ. ಗೇಟಿನೆದುರು ಅಡುಗೆಗಾಡಿ ಯಾಕೆ ನಿಲ್ಲಿಸಿದಿರಿ ಎಂದು ಯಾರೋ ಅಧಿಕಾರಿ ವಿಚಾರಿಸಲು ಬಂದಾಗ ಅವರು ಟ್ರ್ಯಾಕ್ಟರಿನಿಂದ ಇಳಿಯಲೂ ಇಲ್ಲ. "ನನ್ನ ಜಾಗದಲ್ಲಿ ನಾನು ಆನೆ ಬೇಕಾದ್ರೂ ಕಟ್ತೀನಿ," ಎಂದು ಕಳಿಸಿದರು.

ಈಗ ಗಾಡಿಯ ಮುಂದೆ ಸರದಿ ಇದೆ. ಒಂದು ಸಂಸಾರಕ್ಕೆ ಮುಕ್ಕಾಲು ಗಂಟೆ, ದಿನಕ್ಕೆ ಹತ್ತು ಸಂಸಾರ. ಇಂಗೆಲೀಸೆ ಬೆಳಿಗ್ಗೆ ಬಂದು ಒಲೆ ಹಚ್ಚಿ, ಸಂಜೆ ಒರೆಸಿ, ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿಯೇ ಮನೆಗೆ ಹೋಗುವುದು. ಊರಿನ ಹತ್ತು ಹನ್ನೆರಡು ಮಂದಿ ಹಿಟ್ಟು, ಎಣ್ಣೆ, ಗ್ಯಾಸು ನೋಡಿಕೊಳ್ಳುತ್ತಾರೆ. ಒಂದು ವರ್ಷ ಬಿರುಗಾಳಿಗೆ ಗಾಡಿ ಮಗುಚಿ ಬಿತ್ತು. ಒಳಗಿನವರೆಲ್ಲ ಬಂದು ಭುಜ ಕೊಟ್ಟು ಎತ್ತಿದರು, ಎತ್ತಿದ ಕೈಯಲ್ಲೇ ಚಹಾ ಕಾಯಿಸಿದರು. ಅಂಗಡಿ ಸಾಲಿನಲ್ಲಿ ನಿಂತ ಒಬ್ಬ, ಸಾಸೇಜ್ ಮಾರಿದ ಕೈಗೆ ಈಗ ದೇಶ ನಡೆಸುವ ಚಪಲ ಎಂದು ಹಂಗಿಸಿದ್ದೂ ಉಂಟು. "ಅವನು ಬಿಡಿ," ಎನ್ನುತ್ತಾರೆ ಇಂಗೆಲೀಸೆ. "ಸಾಸೇಜ್ ತಗೊಳ್ಳುವಾಗ್ಲೂ ಹೀಗೇ. ಸಾಸಿವೆ ಸಾಸ್ ಸಾಲ್ದು ಅಂತ ಎರಡು ಸಲ ವಾಪಸ್ ಬರ್ತಿದ್ದ."

ತಿಂಗಳ ಮೊದಲ ಶನಿವಾರ ಇದೇ ಗುಂಪು ಪುರಸಭೆಯ ಮುಂದೆ ಖಾಲಿ ಪಾತ್ರೆ ಹಿಡಿದು ನಿಲ್ಲುತ್ತದೆ. ಬೇಡಿಕೆ ಒಂದೇ: ಒಳಗಿರುವವರಿಗೆ ಒಂದು ಅಡುಗೆಮನೆ. ಮೊದಮೊದಲು ಎಲ್ಲರೂ ತುಟಿ ಬಿಚ್ಚದೆ, ಇಗರ್ಜಿಯಲ್ಲಿ ಪ್ರಾರ್ಥನೆಗೆ ನಿಂತಂತೆ ನಿಲ್ಲುತ್ತಿದ್ದರು. ಇದನ್ನು ನೋಡಲು ಬಂದ ಗೆಲಾವೇಜ್ ನಕ್ಕು ನಕ್ಕು ಕೆಳಗೆ ಕೂತರು. "ಪಾತ್ರೆ ಹಿಡ್ಕೊಂಡು ಸುಮ್ನೆ ನಿಲ್ತಾರಾ? ಅದಕ್ಕೆ ಸೌಟು ಅಂತ ಒಂದಿದೆ," ಎಂದು ಬಡಿದು ತೋರಿಸಿದರು. ಅಂದಿನಿಂದ ಶನಿವಾರ ಊರಿಗೆ ಊರೇ ಕಿವಿ ಮುಚ್ಚಿಕೊಳ್ಳುತ್ತದೆ. ವರ್ಷವಿಡೀ ಬಡಿದದ್ದಕ್ಕೆ ಕೇಂದ್ರದ ಮೊಗಸಾಲೆಗೆ ಒಂದು ಮೈಕ್ರೋವೇವ್ ಬಂತು. ಗುಂಪಿನವರು ಕೇಕ್ ಕತ್ತರಿಸಿ ಸಂಭ್ರಮಿಸಿದರು, ಮರುತಿಂಗಳು ಮತ್ತೆ ಸೌಟು ಹಿಡಿದು ಹೋದರು.

ಇಷ್ಟೆಲ್ಲ ಜೊತೆಯಾಗಿ ಮಾಡಿದ ಇಬ್ಬರು ಹೆಂಗಸರ ನಡುವೆ ಈ ಜೂನ್ ತಿಂಗಳು ಮಾತು ಬಿಟ್ಟುಹೋಗಿತ್ತು. ತಪ್ಪು ಇಂಗೆಲೀಸೆಯದು. ಅವರೇ ಒಪ್ಪಿಕೊಳ್ಳುತ್ತಾರೆ.

ಗೆಲಾವೇಜ್ ಮಗಳು ಚಿನೂರ್ ಕೇಂದ್ರದಿಂದಲೇ ಸೈಕಲ್ ತುಳಿದುಕೊಂಡು ಪಟ್ಟಣದ ಶಾಲೆಗೆ ಹೋಗಿ, ಈ ವರ್ಷ ಕೊನೆಯ ಪರೀಕ್ಷೆ ಪಾಸು ಮಾಡಿದಳು. ಈ ನಾಡಿನಲ್ಲಿ ಪಾಸಾದವರಿಗೆ ಕೆಂಪು ಪಟ್ಟಿಯ ಬಿಳಿ ಟೋಪಿ. ಟೋಪಿ ಹಾಕಿಕೊಂಡ ತರಗತಿಯವರೆಲ್ಲ ಬೀಚ್ ಎಂಬ ಮರದ ಹಸಿರು ಕೊಂಬೆ ಕಟ್ಟಿದ ಲಾರಿ ಹತ್ತಿ, ಹಾಡುತ್ತ ಕೂಗುತ್ತ, ಒಬ್ಬೊಬ್ಬರ ಮನೆಯ ಮುಂದೆಯೂ ಇಳಿಯುತ್ತಾರೆ. ಅಪ್ಪ ಅಮ್ಮ ಬಾಗಿಲಲ್ಲಿ ನಿಂತು ತಿನ್ನಲು ಕುಡಿಯಲು ಕೊಡಬೇಕು. ಮಕ್ಕಳಿಗೆ ಅದು ವರ್ಷಗಟ್ಟಲೆ ಕಾದ ದಿನ.

"ಲಾರಿ ನಮ್ಮನೆ ಮುಂದೂ ನಿಲ್ಬೇಕು," ಎಂದರು ತಾಯಿ.

"ನಮ್ಮನೆ ಎಲ್ಲಿದೆ ಅಮ್ಮ?"

"ಗಾಡಿ ಇದ್ಯಲ್ಲ. ಒಲೆ ಇರೋ ಕಡೆ ಮನೆ. ಮೂವತ್ತು ಜನ ಬರ್ಲಿ, ಎಲ್ಲರಿಗೂ ನನ್ನ ಕೈಯಾರೆ ಕೆಲಾನೆ ಮಾಡಿ ಹಾಕ್ತೀನಿ."

ಕೆಲಾನೆ ಎಂದರೆ ಈರುಳ್ಳಿಸೊಪ್ಪು ತುಂಬಿ ಹಂಚಿನ ಮೇಲೆ ಬೇಯಿಸಿ, ಬಿಸಿಯಿರುವಾಗಲೇ ಬೆಣ್ಣೆ ಹಾಕಿ ಮಡಚಿ ಕೊಡುವ ರೊಟ್ಟಿ. ಸೊಪ್ಪನ್ನು ಗೆಲಾವೇಜ್ ಗಾಡಿಯ ಹಳೆಯ ಸಾಸಿವೆ ಸಾಸಿನ ಬಕೆಟುಗಳಲ್ಲಿ ಬೇಲಿಯುದ್ದಕ್ಕೂ ತಾವೇ ಬೆಳೆದಿದ್ದರು. ಬೆಣ್ಣೆಗೆ ಇಡೀ ಕೇಂದ್ರವೇ ಕೈಜೋಡಿಸಿತು. ಬೆಳಗಿನ ತಿಂಡಿಗೆ ಕ್ಯಾಂಟೀನಿನಲ್ಲಿ ಕೊಡುವ ಪುಟ್ಟ ಬೆಣ್ಣೆ ಪೊಟ್ಟಣವನ್ನು ಯಾರೂ ಬಿಚ್ಚದೆ, ಒಣ ಬ್ರೆಡ್ಡು ತಿಂದು, ತಂದು ಅವರ ಕಿಟಕಿಯ ಮೇಲಿಟ್ಟು ಹೋದರು.

ಇಂಗೆಲೀಸೆ ಇದನ್ನೆಲ್ಲ ನೋಡಿ ಮರುಗಿದರು. ಇಷ್ಟು ಕಡಿಮೆ ಇರುವವರ ಮೇಲೆ ಮೂವತ್ತು ಜನರ ಊಟದ ಭಾರವೇ? ಈ ನಾಡಿನಲ್ಲಿ ಮದುವೆಯಾಗಿ ಐವತ್ತು ವರ್ಷ ತುಂಬಿದ ಹಬ್ಬಕ್ಕೂ ನೆಂಟರು ಸಲಾಡಿನ ಬಟ್ಟಲು ಹಿಡಿದೇ ಬರುವುದು. ಹಾಗಾಗಿ ಅವರು ಯಾರನ್ನೂ ಕೇಳದೆ ಲಾರಿಯ ಉಸ್ತುವಾರಿ ಹೊತ್ತ ಮಾಲ್ಟೆ ಎಂಬ ಹುಡುಗನಿಗೆ ಫೋನು ಮಾಡಿ, ಚಿನೂರ್ ಮನೆಗೆ ಬರುವಾಗ ಎಲ್ಲರೂ ತಮ್ಮ ತಮ್ಮ ಬುತ್ತಿ ತನ್ನಿ, ಆ ತಾಯಿಗೆ ತೊಂದರೆ ಕೊಡುವುದು ಬೇಡ ಎಂದುಬಿಟ್ಟರು. ಮಾಲ್ಟೆಗೂ ಅದು ಬಹಳ ಒಳ್ಳೆಯ ಯೋಚನೆ ಅನ್ನಿಸಿತು.

ಸುದ್ದಿ ತಿಳಿದ ಗೆಲಾವೇಜ್ ಗಾಡಿಯಲ್ಲಿ ನೇತುಹಾಕಿದ್ದ ತಮ್ಮ ಹಂಚನ್ನು ಇಳಿಸಿಕೊಂಡು ಗೇಟಿನೊಳಗೆ ಹೋದವರು ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಇಂಗೆಲೀಸೆಯೇ ಹೋಗಿ ಗೇಟಿನ ಬಳಿಗೆ ಕರೆಸಿದರು.

"ಏನಾಯ್ತೇ? ನಿನಗೆ ಹಗುರ ಆಗ್ಲಿ ಅಂತ ಹೇಳಿದ್ದು."

"ನಮ್ಮ ಕಡೆ ಯಾರ ಮನೆಗೆ ಅನ್ನ ಹೊತ್ಕೊಂಡು ಹೋಗ್ತಾರೆ ಗೊತ್ತಾ ಅಕ್ಕ? ಸಾವಾದ ಮನೆಗೆ. ಆ ಮನೇಲಿ ಒಲೆ ಹಚ್ಚಲ್ಲ ಅಂತ." ಗೆಲಾವೇಜ್ ದನಿ ಏರಲಿಲ್ಲ. "ನನ್ನ ಮಗಳ ಟೋಪಿ ದಿನ ಮೂವತ್ತು ಮಕ್ಕಳು ಬುತ್ತಿ ತರ್ತಾರೆ. ನಾನು ಸತ್ತಿದ್ದೀನಾ?"

ಇಂಗೆಲೀಸೆ ಗೇಟಿನ ಕಂಬಿ ಹಿಡಿದುಕೊಂಡರು.

"ನೀನೂ ಅಷ್ಟೇ. ನಾಲ್ಕು ವರ್ಷದಿಂದ ನನ್ನ ಒಲೆ ಪಕ್ಕ ಕೂತು ನಿನ್ನ ಡಬ್ಬಿ ಬಿಚ್ಚಿ ತಿಂತೀಯ. ಒಂದು ದಿನ, ಒಂದು ತುತ್ತು? ನಾನು ಏನೂ ಅನ್ಲಿಲ್ಲ, ಅಷ್ಟೆ."

ಇಲ್ಲದವರ ಪಾತ್ರೆಯಿಂದ ತುತ್ತು ತೆಗೆಯಬಾರದು ಎಂಬುದು ಇಂಗೆಲೀಸೆಯ ಮರ್ಯಾದೆ. ಅದು ಎದುರಿಗಿದ್ದವಳಿಗೆ ದಿನದಿನವೂ ಚುಚ್ಚುತ್ತಿತ್ತೆಂದು ತಿಳಿದು ಅವರಿಗೆ ನಾಚಿಕೆಯಾಯಿತು. ಮನೆಗೆ ಬಂದವರೇ ಅತ್ತರು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಮಾಲ್ಟೆಗೆ ಮತ್ತೆ ಫೋನು ಮಾಡಿದರು.

"ಬುತ್ತಿ ಬೇಡ. ಎಲ್ಲರೂ ಹಸ್ಕೊಂಡು ಬನ್ನಿ."

"ಅಜ್ಜಿ, ಅದು ಕಡೇ ಮನೆ. ಅಷ್ಟೊತ್ತಿಗೆ ಇಪ್ಪತ್ತೊಂಬತ್ತು ಮನೇಲಿ ತಿಂದಿರ್ತೀವಿ."

"ಹಾಗಾದ್ರೆ ಅಲ್ಲೆಲ್ಲ ಮೂಸಿ ನೋಡಿ ಬಿಡಿ."

"ನಮ್ಮಮ್ಮಂಗೆ ಹಾಗೆ ಹೇಳ್ಲಾ? ವಾರದಿಂದ ಮಾಂಸದುಂಡೆ ಮಾಡ್ತಿದ್ದಾಳೆ."

"ಹೇಳು. ನನ್ನ ಸಾಸೇಜ್ ತಿಂದು ಬೆಳೆದೋಳು ಅವಳು. ಬೈದ್ರೆ ನನ್ನ ಹೆಸರು ಹೇಳು."

ಗೆಲಾವೇಜ್ ಹಂಚು ಹಿಡಿದು ಹೊರಗೆ ಬಂದರು, ಒಂದು ಷರತ್ತಿನೊಂದಿಗೆ. ಅವತ್ತು ಗಾಡಿ ತನ್ನ ಮನೆ, ಬೀಗದಕೈ ತನ್ನದು, ಇಂಗೆಲೀಸೆ ಬರಬೇಕಾದ್ದು ಕರೆದಾಗ, ಬರಿಗೈಯಲ್ಲಿ.

ಆ ದಿನವೇ ಇವತ್ತು. ಇಂಗೆಲೀಸೆ ಮಧ್ಯಾಹ್ನಕ್ಕೇ ಒಳ್ಳೆಯ ಅಂಗಿ ತೊಟ್ಟು, ಬಾಚಿಕೊಂಡು, ಮನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಅಲ್ಲಿಂದ ಹೆದ್ದಾರಿ ಕಾಣುತ್ತದೆ. ಲಾರಿ ಆರಕ್ಕೆ ಬರಬೇಕು. ಆರಾಗುತ್ತದೆ, ಏಳೂ ಆಗುತ್ತದೆ. ಗಾಡಿಯ ಕಡೆಯಿಂದ ಸುಟ್ಟ ಈರುಳ್ಳಿಸೊಪ್ಪಿನ ವಾಸನೆ ಗಾಳಿಯಲ್ಲಿ ತೇಲಿ ಬರುತ್ತದೆ, ಲಾರಿ ಬರುವುದಿಲ್ಲ. ಮಕ್ಕಳು ಯಾವುದೋ ಮನೆಯಲ್ಲಿ ಕುಡಿದು ಮರೆತರೇ? ಹಿಟ್ಟು ಕಲಸಿಟ್ಟು ರಸ್ತೆಯತ್ತ ನೋಡುತ್ತ ನಿಂತ ಗೆಲಾವೇಜ್ ಮುಖವನ್ನು ನೆನೆದು ಇಂಗೆಲೀಸೆಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕೊನೆಗೆ ಹೆದ್ದಾರಿಯ ತಿರುವಿನಲ್ಲಿ ಹಸಿರು ಕೊಂಬೆಗಳ ಲಾರಿ ಕಾಣಿಸಿಕೊಂಡು, ಅಲ್ಲಿಯೇ ನಿಂತುಬಿಡುತ್ತದೆ. ಹಾರ್ನ್ ಇಲ್ಲ. ಇಂಗೆಲೀಸೆ ಮಂಡಿಯನ್ನು ಎಳೆದುಕೊಂಡು ಅಲ್ಲಿಗೆ ಹೋದರೆ, ಚಾಲಕ ತಲೆಯಾಡಿಸುತ್ತಿದ್ದಾನೆ. ಕೇಂದ್ರದ ರಸ್ತೆ ಗೇಟಿಗೇ ಕೊನೆ, ಅಲ್ಲಿ ಲಾರಿ ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿ ಅಷ್ಟು ದೂರ ಬರಲು ತನ್ನಿಂದಾಗದು. ಮಕ್ಕಳು ನಡೆದು ಹೋಗಲಿ, ಎನ್ನುತ್ತಾನೆ. ಲಾರಿಯ ಮೇಲೆ ಚಿನೂರ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾಳೆ. "ನಡ್ಕೊಂಡು ಹೋಗೋಣ ಬಿಡಿ," ಎನ್ನುತ್ತಾಳೆ, ಆದರೆ ಯಾರ ಮುಖವನ್ನೂ ನೋಡುವುದಿಲ್ಲ. ಬೇರೆಯವರ ಬಾಗಿಲಿಗೆಲ್ಲ ಬಂದ ಲಾರಿ ತನ್ನಮ್ಮನ ಬಾಗಿಲಿಗೆ ಮಾತ್ರ ಬರದಂತಾಯಿತು.

ಇಂಗೆಲೀಸೆ ನೇರ ಪ್ರೆಬೆನ್ ಅಂಗಳಕ್ಕೆ ಹೋಗುತ್ತಾರೆ. ಕೇಂದ್ರದ ಪಕ್ಕದ ಬಾರ್ಲಿ ಹೊಲ ಅವರದು, ಮೊಣಕಾಲೆತ್ತರ ಬೆಳೆದು ತೂಗುತ್ತಿದೆ.

"ಪ್ರೆಬೆನ್, ಹೊಲದ ಗೇಟು ತೆಗಿ. ಲಾರಿ ತಿರುಗ್ಬೇಕು."

"ಬೆಳೆ ನಿಂತಿದೆ ಕಣೇ."

"ಕಾಣಿಸ್ತಿದೆ."

"ತೆನೆ ಬಂದಿದೆ."

"ಅದೂ ಕಾಣಿಸ್ತಿದೆ."

 ಪ್ರೆಬೆನ್ ಟೋಪಿ ಸರಿಸಿ ತಲೆ ಕೆರೆದುಕೊಳ್ಳುತ್ತಾರೆ. "ಆನೆ ಬೇಕಾದ್ರೂ ಕಟ್ತೀನಿ ಅಂದಿದ್ದೆ. ಲಾರಿ ಏನು ಮಹಾ," ಎಂದು ಟ್ರ್ಯಾಕ್ಟರ್ ಹತ್ತಿ, ತಾವೇ ಮುಂದೆ ಹೋಗಿ ಗೇಟು ತೆರೆದು, ಲಾರಿಯನ್ನು ಕೈಸನ್ನೆ ಮಾಡಿ ಕರೆಯುತ್ತಾರೆ.

ಹಾರ್ನ್ ಹೊಡೆಯುತ್ತದೆ. ಹೊಡೆಯುತ್ತಲೇ ಇರುತ್ತದೆ.

ಮೂವತ್ತು ಬಿಳಿ ಟೋಪಿಗಳು ಗೇಟಿನ ಮುಂದೆ ಧುಮುಕುತ್ತವೆ. ಕೇಂದ್ರದೊಳಗಿನವರೆಲ್ಲ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಹುಲ್ಲಿನ ಮೇಲೆ ಸಾಲಾಗಿ ನಿಂತಿದ್ದಾರೆ. ಗೆಲಾವೇಜ್ ಗಾಡಿಯ ಕಿಟಕಿಯಲ್ಲಿ, ಹಣೆಯ ಮೇಲೆ ಹಿಟ್ಟು, ಎರಡೂ ಕೈಯಲ್ಲಿ ರೊಟ್ಟಿ. ಮಾಲ್ಟೆ ಮೊದಲು ಓಡಿ ಬಂದು, "ಅಮ್ಮಾ, ಬೆಳಿಗ್ಗೆಯಿಂದ ಇಪ್ಪತ್ತೊಂಬತ್ತು ಮನೇಲಿ ಬೈಸ್ಕೊಂಡು ಬಂದಿದ್ದೀವಿ, ಬೇಗ ಕೊಡಿ," ಎನ್ನುತ್ತಾನೆ. ಅದೊಂದು ಮಾತಿಗೆ ಗೆಲಾವೇಜ್ ನಗುವುದನ್ನು ನೋಡಬೇಕು. ಮಕ್ಕಳು ನಿಜವಾಗಿಯೂ ಹಸಿದಿದ್ದಾರೆ. ಮೊಣಕೈವರೆಗೆ ಬೆಣ್ಣೆ ಹರಿಸಿಕೊಂಡು ತಿನ್ನುತ್ತಾರೆ, ಎರಡನೆಯದಕ್ಕೆ ತಳ್ಳಾಡುತ್ತಾರೆ. ತೆಸ್ಫಾಲೆಮ್ ತಾತ ಒಬ್ಬೊಬ್ಬರನ್ನೇ ಹಿಡಿದು ಮೊಟ್ಟೆ ಎಷ್ಟು ಹೊತ್ತು ಬೇಯಬೇಕೆಂದು ವಿಚಾರಿಸಿ ಬೇಯಿಸಿಕೊಡುತ್ತಿದ್ದಾರೆ. ಗೆಲಾವೇಜ್ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟದ್ದರಿಂದ ಅವಳ ಟೋಪಿಯ ಕೆಂಪು ಪಟ್ಟಿಯ ಮೇಲೆ ಹಿಟ್ಟಿನ ಹತ್ತು ಬೆರಳಿನ ಗುರುತು ಮೂಡಿದೆ. ಚಿನೂರ್ ಅದನ್ನು ಒರೆಸಲು ಯಾರಿಗೂ ಬಿಡುತ್ತಿಲ್ಲ. ಬೇರೆ ಹುಡುಗಿಯರೂ ತಮ್ಮ ಟೋಪಿಗೆ ಹಾಗೇ ಮಾಡಿಸಿಕೊಳ್ಳಲು ಸಾಲು ನಿಂತಿದ್ದಾರೆ.

ತಾಯಿ ಮಗಳು ಮತ್ತೆ ಹಾಕಿದ ಅರ್ಜಿಯ ಮೇಲಿನ ತೀರ್ಮಾನ ಇನ್ನೂ ಬಂದಿಲ್ಲ. ನಾಳೆ ಏನೆಂದು ಯಾರಿಗೂ ಗೊತ್ತಿಲ್ಲ. ಬರುವ ತಿಂಗಳ ಮೊದಲ ಶನಿವಾರ ಸೌಟು ಬಡಿಯುವುದಂತೂ ಇದ್ದೇ ಇದೆ, ಈ ಸಲ ಮೂವತ್ತು ಬಿಳಿ ಟೋಪಿಗಳೂ ಬರುವುದಾಗಿ ಮಾತು ಕೊಟ್ಟಿವೆ.

"ಅಕ್ಕ, ಅಲ್ಲೇನು ನಿಂತೆ? ಬಾ ಇಲ್ಲಿ."

ಇಂಗೆಲೀಸೆ ಅಭ್ಯಾಸಬಲದಿಂದ ಗಾಡಿಯ ಹಿಂಬಾಗಿಲ ಕಡೆ ಹೊರಡುತ್ತಾರೆ. ಪ್ರೆಬೆನ್ ತೋಳು ಹಿಡಿದು ಮುಂದಕ್ಕೆ ತಿರುಗಿಸುತ್ತಾರೆ. ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕಿಟಕಿಗೆ ಕೈಚಾಚಿದರೆ ಎಟಕುವುದಿಲ್ಲ. ಹಿಮ್ಮಡಿ ಎತ್ತಿ, ಕೆಟ್ಟ ಮಂಡಿಯ ಮೇಲೆ ಭಾರ ಬಿಟ್ಟು, ಬೆರಳ ತುದಿಯಲ್ಲಿ ರೊಟ್ಟಿ ತೆಗೆದುಕೊಳ್ಳುತ್ತಾರೆ. ಹುಲ್ಲಿನ ಮೇಲೆ ನಿಂತೇ ಮೊದಲ ತುತ್ತು. ಬೆಣ್ಣೆ ಒಳ್ಳೆಯ ಅಂಗಿಯ ಮೇಲೆ ಇಳಿಯುತ್ತದೆ. ಗೆಲಾವೇಜ್ ಮೇಲಿನಿಂದ, ಪರೀಕ್ಷೆ ಬರೆದವರಂತೆ, ಅವರ ಮುಖವನ್ನೇ ನೋಡುತ್ತಿದ್ದಾರೆ.

"ಉಪ್ಪು ಸರಿಯಾಗಿದೆ," ಎನ್ನುತ್ತಾರೆ ಇಂಗೆಲೀಸೆ.

ರೊಟ್ಟಿ ಮುಗಿಸಿ, ಬೆರಳು ಚೀಪಿಕೊಂಡು, ಅವರು ಕಿಟಕಿಯನ್ನು ಮೇಲಿನಿಂದ ಕೆಳಗೆ ಅಳೆದು ನೋಡುತ್ತಾರೆ.

"ಮೂವತ್ತು ವರ್ಷ ಒಳಗಡೆ ನಿಂತು ಊರಿಗೆಲ್ಲ ಕೊಟ್ಟೆ. ಹೊರಗಡೆ ನಿಂತು ಇಸ್ಕೊಂಡಿದ್ದು ಇವತ್ತೇ. ಈ ಕಿಟಕಿ ಇಷ್ಟು ಎತ್ತರ ಇದೆ ಅಂತ ಒಬ್ಬರೂ ಹೇಳ್ಲಿಲ್ಲವಲ್ಲ. ನಾಳೆ ಪ್ರೆಬೆನ್ ಕೈಲಿ ಒಂದು ಮೆಟ್ಟಿಲು ಹಾಕಿಸ್ಬೇಕು."